ಸತ್ತ ಕಾನೂನು ಠಾಣೆಯಲ್ಲಿ ಬದುಕಿತ್ತು

ಫೇಸ್‌ಬುಕ್ಕಿನಲ್ಲಿ ಒಂದು ಲೈಕ್ ಒತ್ತಿದ್ದಕ್ಕೆ ಜೈಲಿಗೆ ಹಾಕ್ತಾರೆ ಅಂದ್ರೆ ನಂಬ್ತೀರಾ? 2012ರ ನವೆಂಬರ್ 18. ಬಾಳ ಠಾಕ್ರೆಯವರ ಅಂತ್ಯಕ್ರಿಯೆಯ ದಿನ. ಮುಂಬೈ ಸ್ತಬ್ಧ. ಪಕ್ಕದ ಪಾಲ್ಘರ್‌ನಲ್ಲಿ ಯುವತಿಯೊಬ್ಬಳು, ಊರಿಗೆ ಊರೇ ಯಾಕೆ ಬಂದ್ ಆಗಬೇಕು ಅಂತ ಪೋಸ್ಟ್ ಹಾಕಿದಳು. ಗೆಳತಿ ಲೈಕ್ ಮಾಡಿದಳು. ಗುಂಪೊಂದು ನುಗ್ಗಿ ಆಕೆಯ ಸಂಬಂಧಿಕರ ಕ್ಲಿನಿಕ್ ಒಡೆಯಿತು. ಪೊಲೀಸರು ಆ ಇಬ್ಬರೂ ಯುವತಿಯರನ್ನು ಬಂಧಿಸಿದರು. ಲೈಕ್ ಒತ್ತಿದವಳನ್ನೂ!

ಪೊಲೀಸರ ಕೈಯಲ್ಲಿದ್ದ ಅಸ್ತ್ರದ ಹೆಸರು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ. 2008ರ ಡಿಸೆಂಬರ್‌ನಲ್ಲಿ, ಮುಂಬೈ ದಾಳಿಯಾಗಿ ತಿಂಗಳೂ ಕಳೆಯದ ಹೊತ್ತಿನಲ್ಲಿ, ಸಂಸತ್ತಿನ ಗದ್ದಲದ ನಡುವೆ ಪಾಸಾದ ತಿದ್ದುಪಡಿ ಅದು. ಜಾರಿಗೆ ಬಂದಿದ್ದು 2009ರ ಅಕ್ಟೋಬರ್ 27ರಂದು. ಕಂಪ್ಯೂಟರ್ ಅಥವಾ ಮೊಬೈಲಿನಿಂದ ತೀವ್ರ ಆಕ್ಷೇಪಾರ್ಹ ಸಂದೇಶ ಕಳಿಸಿದರೆ ಮೂರು ವರ್ಷದವರೆಗೆ ಜೈಲು. ಸುಳ್ಳು ಅಂತ ಗೊತ್ತಿದ್ದೂ ಕಿರಿಕಿರಿ ಮಾಡಲು ಪದೇ ಪದೇ ಕಳಿಸಿದರೂ ಅಷ್ಟೇ. ವಾರಂಟ್ ಬೇಕಿಲ್ಲ.

ಈ ಭಾಷೆ ಎಲ್ಲಿಂದ ಬಂತು? ಬೇರು ಇರೋದು ಬ್ರಿಟನ್ನಿನಲ್ಲಿ. 1935ರಲ್ಲಿ ಅಲ್ಲಿನ ಅಂಚೆ ಇಲಾಖೆಯ ಕಾಯ್ದೆಗೆ ತಿದ್ದುಪಡಿ ತಂದು, ಟೆಲಿಫೋನಿನಲ್ಲಿ ಅಶ್ಲೀಲವಾಗಿ, ಬೆದರಿಸಿ ಮಾತಾಡೋದನ್ನು ಅಪರಾಧ ಮಾಡಿದರು. ಎಕ್ಸ್‌ಚೇಂಜಿನಲ್ಲಿ ಕೂತ ಹೆಣ್ಣುಮಕ್ಕಳು ಕೊಳಕು ಬೈಗುಳ ಕೇಳಬೇಕಿತ್ತಲ್ಲ, ಅವರ ರಕ್ಷಣೆ ಉದ್ದೇಶ. ಒಳ್ಳೆಯದೇ. ಒಬ್ಬರು ಇನ್ನೊಬ್ಬರ ಕಿವಿಗೆ ಆಡುವ ಮಾತಿಗೆ ಹೊಲಿದ ಅಂಗಿ ಅದು. ನಾವು ಅದನ್ನು ಊರ ಚಾವಡಿಯಂಥ ಇಂಟರ್‌ನೆಟ್ಟಿಗೆ ತೊಡಿಸಿದೆವು. ಬೀದಿಯಲ್ಲಿ ಸಾರ್ವಜನಿಕರಿಗೆ ಕಿರಿಕಿರಿ ಮಾಡಿದರೆ ಆಗಿನ ಐಪಿಸಿ ಪ್ರಕಾರ 200 ರೂಪಾಯಿವರೆಗೆ ದಂಡ, ಫೇಸ್‌ಬುಕ್ಕಿನಲ್ಲಿ ಮಾಡಿದರೆ ಮೂರು ವರ್ಷ ಕಂಬಿ! ಇದ್ಯಾವ ಲೆಕ್ಕ ಸ್ವಾಮಿ?

ಪಾಲ್ಘರ್ ಸುದ್ದಿ ಓದಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ್ದು ಶ್ರೇಯಾ ಸಿಂಘಾಲ್ ಎಂಬ ಯುವತಿ. ಸಂವಿಧಾನದ 19(2)ನೇ ವಿಧಿ ಮಾತಿಗೆ ಕಡಿವಾಣ ಹಾಕಲು ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಮಾನನಷ್ಟ ಹೀಗೆ ಕೆಲವೇ ಕಾರಣಗಳನ್ನು ಹೇಳುತ್ತದೆ. ಕಿರಿಕಿರಿ ಅನ್ನೋದು ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಕಾನೂನನ್ನು ದುರುಪಯೋಗ ಮಾಡಲ್ಲ ಎಂದು ಸರ್ಕಾರಿ ವಕೀಲರು ಭರವಸೆ ಕೊಟ್ಟರು. ಕೋರ್ಟ್ ಒಪ್ಪಲಿಲ್ಲ. ಸರ್ಕಾರಗಳು ಬರುತ್ತವೆ ಹೋಗುತ್ತವೆ, ಕಲಂ ಮಾತ್ರ ಉಳಿದುಬಿಡುತ್ತದೆ ಎಂದಿತು. 2015ರ ಮಾರ್ಚ್ 24ರಂದು ನ್ಯಾಯಮೂರ್ತಿಗಳಾದ ಚೆಲಮೇಶ್ವರ್ ಮತ್ತು ನಾರಿಮನ್ ಅವರ ಪೀಠ 66ಎ ಕಲಮನ್ನು ಪೂರ್ತಿಯಾಗಿ ರದ್ದು ಮಾಡಿತು. ವೆಬ್‌ಸೈಟ್ ಬ್ಲಾಕ್ ಮಾಡುವ 69ಎ ಕಲಂ ಮಾತ್ರ ಉಳಿಯಿತು. ಅದರ ಕಥೆ ಬೇರೆ.

ಆದರೆ ನಿಜವಾದ ವಿಚಿತ್ರ ಶುರುವಾಗಿದ್ದು ಆಮೇಲೆ. ದೆಹಲಿಯಲ್ಲಿ ಸತ್ತ ಕಲಂ ಠಾಣೆಗಳಲ್ಲಿ ಉಸಿರಾಡುತ್ತಿತ್ತು! ತೀರ್ಪಿನ ಪ್ರತಿಯನ್ನು ಎಲ್ಲ ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳಿಗೆ ತಲುಪಿಸಿ, ಪೊಲೀಸರಿಗೆ ತಿಳಿಹೇಳಿ ಎಂದು 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಆದರೂ 2021ರ ಜುಲೈನಲ್ಲಿ ಪಿಯುಸಿಎಲ್ ಕೋರ್ಟಿನ ಮುಂದಿಟ್ಟ ಲೆಕ್ಕ ಕೇಳಿ: 11 ರಾಜ್ಯಗಳಲ್ಲಿ 745 ಕೇಸುಗಳು ಇನ್ನೂ ನಡೀತಿವೆ. ಪೀಠದಲ್ಲಿದ್ದವರು ಯಾರು ಗೊತ್ತಾ? ತೀರ್ಪು ಬರೆದ ಅದೇ ನಾರಿಮನ್. ಅವರಿಗೇ ಆಘಾತ.

ಅಟಾರ್ನಿ ಜನರಲ್ ವೇಣುಗೋಪಾಲ್ ಕೊಟ್ಟ ವಿವರಣೆ ಇನ್ನೂ ಸ್ವಾರಸ್ಯ. ಕಾನೂನು ಪುಸ್ತಕದಲ್ಲಿ 66ಎ ಹಾಗೇ ಅಚ್ಚಾಗಿದೆಯಂತೆ. ರದ್ದಾಗಿದೆ ಎಂಬ ಮಾತು ಪುಟದ ಕೆಳಗೆ ಅಡಿಟಿಪ್ಪಣಿಯಲ್ಲಿದೆಯಂತೆ. ಎಫ್‌ಐಆರ್ ಬರೆಯುವ ಪೊಲೀಸಪ್ಪ ಅಡಿಟಿಪ್ಪಣಿ ನೋಡಲ್ಲ. ಒಬ್ಬ ಮನುಷ್ಯನ ಸ್ವಾತಂತ್ರ್ಯ ಸಣ್ಣಕ್ಷರದ ಒಂದು ಸಾಲಿಗೆ ನೇತುಬಿದ್ದಿತ್ತು ಅಂತಾಯ್ತು.

ಕೊನೆಗೆ 2022ರ ಅಕ್ಟೋಬರ್ 12ರಂದು ಮುಖ್ಯ ನ್ಯಾಯಮೂರ್ತಿ ಯು.ಯು. ಲಲಿತ್ ಅವರ ಪೀಠ ಆದೇಶ ಹೊರಡಿಸಿತು. ಬಾಕಿ ಇರುವ ಕೇಸುಗಳಿಂದ 66ಎ ತೆಗೆಯಿರಿ, ಹೊಸದಾಗಿ ಯಾರ ಮೇಲೂ ಹಾಕಬೇಡಿ. ಜೊತೆಗೆ ಇನ್ನೊಂದು ಸೂಚನೆ, ಅದು ಪುಸ್ತಕ ಅಚ್ಚು ಹಾಕುವವರಿಗೆ: ಸರ್ಕಾರಿಯಾಗಲಿ ಖಾಸಗಿಯಾಗಲಿ, ಈ ಕಲಂ ಮುದ್ರಿಸಿದರೆ ಇದು ಅಸಾಂವಿಧಾನಿಕ ಎಂದು ತೀರ್ಪಾಗಿರುವುದನ್ನು ಓದುಗರಿಗೆ ಸರಿಯಾಗಿ ತಿಳಿಸಲೇಬೇಕು.