ಎಕ್ಸೆಂಟ್ರಿಕ್ ಪೆಂಡ್ಯುಲಮ್: ಪ್ರಕಾರ, ಲಯ ಮತ್ತು ‘ಮೊದಲ ಭಾರತೀಯ ತಂಡ’ ಎಂಬ ಹೇಳಿಕೆ

1. ಪ್ರಕಾರದ ಗಡಿ

ಡೆತ್ ಮೆಟಲ್‌ನ ಗಿಟಾರ್ ನುಡಿಸಾಣಿಕೆಗೂ ಒರಟು ಗಂಟಲಿನ ಗಾಯನಕ್ಕೂ ಬ್ರೇಕ್‌ಡೌನ್ (ವೇಗವನ್ನು ಥಟ್ಟನೆ ಇಳಿಸಿ ಕೆಲವೇ ಪೆಟ್ಟುಗಳನ್ನು ಒತ್ತಿ ನುಡಿಸುವ ಭಾಗ) ಸೇರಿದರೆ ಡೆತ್‌ಕೋರ್. ಅದರ ಮೇಲೆ ಬೆಸ ಲಯವೂ ಅತಿವೇಗದ ಸ್ವರಸರಣಿಯೂ ಕೂಡಿದ್ದನ್ನು ಟೆಕ್ನಿಕಲ್ ಡೆತ್‌ಕೋರ್ ಎನ್ನುವುದು ರೂಢಿ. ಕ್ಯಾಲಿಫೋರ್ನಿಯಾದಲ್ಲಿ 2009ರಲ್ಲಿ ಹುಟ್ಟಿದ ರಿಂಗ್ಸ್ ಆಫ್ ಸ್ಯಾಟರ್ನ್ ತಂಡ ಇದಕ್ಕೆ ನೇರ ಉದಾಹರಣೆ. ಬೆಂಗಳೂರಿನಲ್ಲಿ 2008ರಲ್ಲಿ ಹುಟ್ಟಿದ ಎಕ್ಸೆಂಟ್ರಿಕ್ ಪೆಂಡ್ಯುಲಮ್ ತಂಡ ಈ ಗಡಿಗೆ ಸಮೀಪದ್ದು, ಆದರೆ ಒಳಗಿನದಲ್ಲ. ಅದರ ರಚನೆ ಬ್ರೇಕ್‌ಡೌನನ್ನು ಆಧಾರವಾಗಿ ಇಟ್ಟುಕೊಂಡದ್ದಲ್ಲವಾದ್ದರಿಂದ ‘ಪ್ರೊಗ್ರೆಸಿವ್’ ಅಥವಾ ‘ಟೆಕ್ನಿಕಲ್ ಮೆಟಲ್’ ಎಂಬ ಹೆಸರೇ ಹೆಚ್ಚು ಸೂಕ್ತವೆಂದು ತೋರುತ್ತದೆ.

2. ಲಯ

ಈ ಬಗೆಯ ಸಂಗೀತದ ಲಯವನ್ನು ಸ್ವೀಡನ್ನಿನ ಮೆಷುಗಾ ತಂಡದಿಂದ ವಿವರಿಸುವುದು ಸುಲಭ. ಗಿಟಾರ್ ಏಳು ಅಕ್ಷರದ ಪಲ್ಲವಿಯನ್ನು ಹಿಡಿದು ಮರುಕಳಿಸುತ್ತದೆ. ಸಿಂಬಲ್ ಎಂಟು ಅಕ್ಷರದ ಆವರ್ತದಲ್ಲೇ ನಿಲ್ಲುತ್ತದೆ. ಎರಡೂ ಆರಂಭದ ಪೆಟ್ಟಿಗೆ ಮತ್ತೆ ಒಟ್ಟಿಗೆ ಬರುವುದು 56 ಅಕ್ಷರಗಳ ನಂತರ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಯಕ್ಷಗಾನ ಕೇಳಿ ಬೆಳೆದವರಿಗೆ ಏಳು ಅಕ್ಷರ ಅಪರಿಚಿತವಲ್ಲ, ತ್ರಿವುಡೆ ತಾಳ ಅದೇ ಲೆಕ್ಕದ್ದು. ಆದರೆ ಹೋಲಿಕೆ ಇಲ್ಲಿಗೇ ನಿಲ್ಲಬೇಕು. ಅಲ್ಲಿ ಭಾಗವತರಿಗೂ ಮದ್ದಲೆ–ಚಂಡೆಗಳಿಗೂ ತಾಳ ಒಂದೇ. ಇಲ್ಲಿ ಎರಡು ಆವರ್ತಗಳು ಬೇಕೆಂದೇ ಬೇರೆಬೇರೆಯಾಗಿ ಓಡುತ್ತವೆ.

ವೇಗದ ಬಗ್ಗೆ ಒಂದು ಲೆಕ್ಕ: ನಿಮಿಷಕ್ಕೆ 200 ಪೆಟ್ಟಿನ ಗತಿಯಲ್ಲಿ ಪ್ರತಿ ಪೆಟ್ಟನ್ನು ನಾಲ್ಕಾಗಿ ಒಡೆದರೆ ಎರಡು ಹೊಡೆತಗಳ ನಡುವಿನ ಅಂತರ 75 ಮಿಲಿಸೆಕೆಂಡ್. ಬ್ಲಾಸ್ಟ್ ಬೀಟ್ ಎಂಬ ಡ್ರಮ್ ತಂತ್ರದ ಕಷ್ಟ ಇರುವುದು ಈ ಅಂತರವನ್ನು ಏರುಪೇರಿಲ್ಲದೆ ಕಾಯ್ದುಕೊಳ್ಳುವುದರಲ್ಲಿ.

3. ‘ಮೊದಲ’ ತಂಡ

ಎಕ್ಸೆಂಟ್ರಿಕ್ ಪೆಂಡ್ಯುಲಮ್‌ನ ಮೊದಲ ಪೂರ್ಣ ಆಲ್ಬಂ ‘ವೈಂಡಿಂಗ್ ದಿ ಆಪ್ಟಿಕ್ಸ್’ 2011ರದು. ಅದೇ ವರ್ಷ ತಂಡವು ವಾಕನ್ ಮೆಟಲ್ ಬ್ಯಾಟಲ್ ಸ್ಪರ್ಧೆಯ ಭಾರತದ ಸುತ್ತನ್ನು ಗೆದ್ದು, ಜರ್ಮನಿಯ ವಾಕನ್ ಓಪನ್ ಏರ್ ಉತ್ಸವದಲ್ಲಿ ನುಡಿಸಿತು. 1998ರಲ್ಲಿ ಬೆಂಗಳೂರಿನಲ್ಲೇ ಆರಂಭವಾದ ಕ್ರಿಪ್ಟೋಸ್ ತಂಡ ಅಲ್ಲಿ ನುಡಿಸಿದ್ದು 2013ರಲ್ಲಿ. ವಾಕನ್‌ನಲ್ಲಿ ನುಡಿಸಿದ ‘ಮೊದಲ ಭಾರತೀಯ ತಂಡ’ ಎಂಬ ವಿಶೇಷಣ ಎರಡಕ್ಕೂ ಬಳಕೆಯಾಗಿದೆ.

ಇದನ್ನು ವಿರೋಧವೆನ್ನುವುದಕ್ಕಿಂತ ಎಣಿಕೆಯ ವ್ಯತ್ಯಾಸವೆನ್ನುವುದು ಮೇಲು. ಸ್ಪರ್ಧೆಯ ಮೂಲಕ ವೇದಿಕೆ ಏರಿದ್ದನ್ನು ಲೆಕ್ಕಕ್ಕೆ ತೆಗೆದುಕೊಂಡರೆ 2011; ಸ್ಪರ್ಧೆಯ ಹೊರಗಿನ ಕಾರ್ಯಕ್ರಮವನ್ನು ಮಾತ್ರ ಎಣಿಸಿದರೆ 2013. ಷರತ್ತು ನಮೂದಿಸದೆ ‘ಮೊದಲ’ ಎಂದು ಬರೆಯುವುದಾದರೆ ಆ ಪದ ಎಕ್ಸೆಂಟ್ರಿಕ್ ಪೆಂಡ್ಯುಲಮ್‌ಗೇ ಸಲ್ಲಬೇಕು. ಕ್ರಿಪ್ಟೋಸ್‌ನ ಸಾಧನೆ ಇದರಿಂದ ಕುಗ್ಗುವುದಿಲ್ಲ. ಅದರ ಮೊದಲ ಆಲ್ಬಂ ‘ಸ್ಪೈರಲ್ ಅಸೆಂಟ್’ 2004ರಷ್ಟು ಹಿಂದಿನದು.

4. ಪೂರ್ವಾಪರ

ಮೊದಲ ಭಾಗದಲ್ಲಿ ಹೆಸರಿಸಿದ ರಿಂಗ್ಸ್ ಆಫ್ ಸ್ಯಾಟರ್ನ್‌ನ ‘ಎಂಬ್ರಿಯಾನಿಕ್ ಅನಾಮಲಿ’ ಆಲ್ಬಂಗೆ 2010, 2011 ಎಂಬ ಎರಡು ವರ್ಷಗಳು ಕಾಣುತ್ತವೆ. ಮೊದಲನೆಯದು ತಂಡದ ಸ್ವಂತ ಬಿಡುಗಡೆಯದು, ಎರಡನೆಯದು ಯುನೀಕ್ ಲೀಡರ್ ಸಂಸ್ಥೆಯ ಮರುಬಿಡುಗಡೆಯದು. ಯಾವುದನ್ನು ಹಿಡಿದರೂ ಎಕ್ಸೆಂಟ್ರಿಕ್ ಪೆಂಡ್ಯುಲಮ್ ಹುಟ್ಟಿದ್ದು ಅದಕ್ಕಿಂತ ಮೊದಲು. ಆದ್ದರಿಂದ ಈ ಎರಡು ತಂಡಗಳ ನಡುವೆ ಏನಾದರೂ ಹೋಲಿಕೆ ಕಂಡರೆ, ಅದನ್ನು ನೇರ ಪ್ರಭಾವವೆನ್ನುವ ಮೊದಲು ಮೆಷುಗಾದಂಥ ಸಮಾನ ಮೂಲದ ಸಾಧ್ಯತೆಯನ್ನು ಪರಿಶೀಲಿಸಬೇಕು.