ಗಾರ್ಡಿಲ್ಲದ ಗ್ರೈಂಡರ್

ಶಾಸನ ಓದುವುದನ್ನು ಕಲಿಸುವ ಮೇಷ್ಟ್ರುಗಳು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಯಾವ ದೊರೆ ಯಾವ ಅಗ್ರಹಾರಕ್ಕೆ ಎಷ್ಟು ಭೂಮಿ ಬಿಟ್ಟ ಅನ್ನೋದನ್ನ ಅಕ್ಷರ ಅಕ್ಷರ ಬಿಡಿಸಿ ಹೇಳ್ತಾರೆ. ದುಡಿದವನು ಮಾತ್ರ ಶಾಸನ ಬರೆಸಲಿಲ್ಲ. ಅವನು ಬಿಟ್ಟುಹೋದದ್ದು ಸವೆದ ಹಿಡಿ, ಸವೆದ ಕಲ್ಲು, ಸವೆದ ಯಂತ್ರ. ಅದನ್ನು ಓದುವುದು ಹೇಗೆ? ಗುಜರಿಯಲ್ಲಿ ಸಿಗುವ ಒಂದು ಹಳೆ ಬೆಂಚ್ ಗ್ರೈಂಡರನ್ನು ಮುಂದಿಟ್ಟುಕೊಂಡು ನೋಡೋಣ.

ಬೆಂಚ್ ಗ್ರೈಂಡರ್ ಅಂದರೆ ಮೇಜಿಗೆ ಬೋಲ್ಟು ಹಾಕಿ ಕೂರಿಸುವ ಮೋಟಾರು. ಅದರ ಎರಡು ತುದಿಗೂ ಒಂದೊಂದು ಸಾಣೆ ಚಕ್ರ. ಲೇತ್ ಶೆಡ್ಡು, ಗ್ಯಾರೇಜು, ವೆಲ್ಡಿಂಗ್ ಅಂಗಡಿಗಳಲ್ಲಿದ್ದದ್ದು ಈಗ ಕುಲುಮೆಗೂ ಬಂದಿದೆ. ಕುಡುಗೋಲು, ಮಚ್ಚು, ಬಾಚಿ, ಉಳಿ, ನಮ್ಮ ಚಪ್ಪಲಿ ಹೊಲಿಯುವವರ ರಂಪಿಗೆ, ಎಲ್ಲವನ್ನೂ ಕಲ್ಲಿನ ಮೇಲೆ ನೀರು ಚಿಮುಕಿಸಿ ಮಸೆಯುತ್ತಿದ್ದ ಕಾಲ ಒಂದಿತ್ತು. ಹೊಸ ಯಂತ್ರಕ್ಕೆ ದುಡ್ಡಿಲ್ಲದ ಹುಡುಗರು ಗುಜರಿಯಿಂದ ಹಳೆಯದನ್ನು ತರುತ್ತಾರೆ. 'ಲಂಡನ್ ಮಾಲು ಅಣ್ಣಾ, ಕಬ್ಬಿಣ ಹೆಂಗದೆ ನೋಡಿ' ಅಂತ ಗುಜರಿಯವನು ರೇಟು ಏರಿಸುತ್ತಾನೆ.

ಲಂಡನ್ನೋ ಅಲ್ಲವೋ ತಿಳಿಯಲು ಮೊದಲು ನೇಮ್‌ಪ್ಲೇಟು ಹುಡುಕಬೇಕು. ಅನೇಕ ಸಲ ಅದು ನಾಲ್ಕಾರು ಪದರ ಬಣ್ಣದ ಅಡಿಯಲ್ಲಿ ಹೂತಿರುತ್ತೆ. ಆಯುಧಪೂಜೆಗೆ ವರ್ಷಾ ವರ್ಷಾ ಹಚ್ಚಿದ ಕುಂಕುಮವೂ ಎಣ್ಣೆಯ ಜೊತೆ ಸೇರಿ ಗಟ್ಟಿಯಾಗಿರುತ್ತೆ. ಉಪ್ಪುಕಾಗದ ಹಾಕಿ ಉಜ್ಜಬೇಡಿ, ಅಕ್ಷರವೇ ಹೋಗುತ್ತೆ. ಸೀಮೆಎಣ್ಣೆ ಅದ್ದಿದ ಬಟ್ಟೆಯಲ್ಲಿ ನಿಧಾನಕ್ಕೆ ಒರೆಸಿ. ಪ್ಲೇಟೇ ಇಲ್ಲದಿದ್ದರೆ ನಟ್ಟುಗಳು ಸಾಕ್ಷಿ ಹೇಳುತ್ತವೆ. 1841ರಲ್ಲಿ ಜೋಸೆಫ್ ವಿಟ್ವರ್ತ್ ಮುಂದಿಟ್ಟ ಅಳತೆಯ ಇಂಗ್ಲಿಷ್ ಥ್ರೆಡ್ಡಿನ ಕೋನ 55 ಡಿಗ್ರಿ, ಅಮೆರಿಕದ್ದು 60. ಅರ್ಧ ಇಂಚಿನ ಬೋಲ್ಟಿನಲ್ಲಿ ಇಂಗ್ಲಿಷಿನವು ಇಂಚಿಗೆ 12 ಸುತ್ತು, ಅಮೆರಿಕದವು 13. ಆದರೆ ಇಂಚಿನ ಲೆಕ್ಕ ಸಿಕ್ಕ ಮಾತ್ರಕ್ಕೆ ವಿದೇಶಿ ಅಂತ ಹಿಗ್ಗಬೇಕಿಲ್ಲ. ನಮ್ಮಲ್ಲಿ ಮೆಟ್ರಿಕ್ ಅಳತೆಗೆ ಕಾಯ್ದೆ ಬಂದದ್ದೇ 1956ರಲ್ಲಿ. ಅದಕ್ಕೆ ಮುಂಚೆ ಇಲ್ಲೇ ಎರಕ ಹೊಯ್ದ ಯಂತ್ರಗಳೂ ಇಂಚಿನವೇ.

ಪ್ಲೇಟಿನ ಮೇಲೆ ತಯಾರಕರ ಹೆಸರಿಗಿಂತ ಮುಖ್ಯವಾದದ್ದು ಸೈಕಲ್ ಅಂತ ಬರೆದಿರುವ ಅಂಕಿ. ಈಗ ನಮ್ಮ ಕರೆಂಟು 50 ಸೈಕಲ್. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕೊಟ್ಟ ಕರೆಂಟು 25 ಸೈಕಲ್. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ, ಊರಿಗಿಂತ ಮುಂಚೆ ಬಿಳಿಯರ ಗಣಿಗೆ! ಹಾಗಾಗಿ 25 ಅಂತಿರುವ ಯಂತ್ರ ಈ ಸೀಮೆಯಲ್ಲಿ ಸಿಕ್ಕರೆ ಎಲ್ಲಿ ದುಡಿದದ್ದಿರಬಹುದು ಅಂತ ಊಹಿಸಬಹುದು. ಅದನ್ನು ಈಗಿನ ಲೈನಿಗೆ ಹಾಕಿದರೆ ಎರಡು ಪಟ್ಟು ಓಡಲು ನೋಡುತ್ತೆ. 1500 ಸುತ್ತಿನಲ್ಲಿ 12 ಇಂಚಿನ ಚಕ್ರದ ಅಂಚು ಸೆಕೆಂಡಿಗೆ 24 ಮೀಟರು ಸಾಗಿದರೆ, 3000 ಸುತ್ತಿನಲ್ಲಿ 48. ಸಾಮಾನ್ಯ ಚಕ್ರ ತಡೆಯುವುದು 30–35. ವೇಗ ಎರಡರಷ್ಟಾದರೆ ಚಕ್ರವನ್ನು ಸಿಡಿಸುವ ಎಳೆತ ನಾಲ್ಕರಷ್ಟು. ಎದೆಗೆ ನೇರ ಇರುವ ಕಲ್ಲು ಅದು.

ಆ ಗಣಿಯಲ್ಲಿ ದುಡಿದವರಲ್ಲಿ ಬಹುಪಾಲು ಉತ್ತರ ಆರ್ಕಾಟ್ ಕಡೆಯಿಂದ ಬಂದ ದಲಿತರು. ಬಂಡೆ ಕೊರೆದ ಧೂಳಿನಿಂದ ಪುಪ್ಪುಸ ಕಲ್ಲಾಗುವ ಸಿಲಿಕೋಸಿಸ್ ಭಾರತದಲ್ಲಿ ಮೊದಲು ವರದಿಯಾದದ್ದು ಅಲ್ಲಿಂದಲೇ, 1947ರಲ್ಲಿ. 2001ರಲ್ಲಿ ಗಣಿ ಮುಚ್ಚಿತು.

ಇನ್ನು ಯಂತ್ರದಲ್ಲಿ ಇಲ್ಲದ್ದನ್ನು ಓದಬೇಕು. ಗುಜರಿಗೆ ಬರುವ ಗ್ರೈಂಡರುಗಳಲ್ಲಿ ಗಾರ್ಡು, ಅಂದರೆ ಚಕ್ರದ ಸುತ್ತ ಇರಬೇಕಾದ ಉಕ್ಕಿನ ಚಿಪ್ಪು, ಇರೋದೇ ಅಪರೂಪ. ಮೋಟಾರಿನ ಮುಚ್ಚಳದಲ್ಲಿ ಅದರ ತೂತುಗಳು ಮಾತ್ರ ಉಳಿದಿರುತ್ತವೆ. ತೂತಿನ ಒಳಗೂ ಬಣ್ಣ ಇಳಿದಿದ್ದರೆ, ಬಣ್ಣ ಹೊಡೆಯುವ ಮುಂಚೆಯೇ ಗಾರ್ಡು ಬಿಚ್ಚಿದ್ದರು ಅಂತ ಅರ್ಥ. ಮರೆತು ಕಳೆದದ್ದಲ್ಲ ಅದು, ಬೇಕಂತಲೇ ತೆಗೆದದ್ದು. ಯಾಕೆ ತೆಗೆದರು?

ಇದಕ್ಕೆ ಉತ್ತರ ಇಂಗ್ಲೆಂಡಿನ ಶೆಫೀಲ್ಡಿನಲ್ಲಿದೆ. ಜಗತ್ತಿಗೆಲ್ಲ ಚಾಕು, ಕತ್ತರಿ ಮಾರಿದ ಊರು. ಅಲ್ಲಿ ಸಾಣೆ ಹಿಡಿಯುವವನು ಕುದುರೆ ಏರಿದ ಹಾಗೆ ಮರದ ಪೀಠದ ಮೇಲೆ ಕಾಲಗಲಿಸಿ ಕೂತು, ತಿರುಗುವ ಮರಳುಗಲ್ಲಿನ ಮೇಲೆ ಬಾಗಿ ದುಡಿಯುತ್ತಿದ್ದ. ಕಲ್ಲಿನ ಧೂಳು ನೇರ ಮೂಗಿಗೆ. 1845ರಲ್ಲಿ ಇಂಗ್ಲೆಂಡಿನ ಕಾರ್ಮಿಕರ ಬದುಕಿನ ಬಗ್ಗೆ ಪುಸ್ತಕ ಬರೆದ ಎಂಗೆಲ್ಸ್, ಆ ಊರಿನ ಡಾಕ್ಟರ್ ನೈಟ್ ಕೊಟ್ಟ ಲೆಕ್ಕವನ್ನು ಎತ್ತಿ ಹೇಳುತ್ತಾನೆ. ಸಾಣೆಯವರು ಸುಮಾರು 2,500 ಮಂದಿ. ಅವರಲ್ಲಿ ಸಾಹೇಬರು ಊಟ ಮಾಡುವ ಫೋರ್ಕಿಗೆ ನೀರಿಲ್ಲದೆ ಒಣಸಾಣೆ ಹಿಡಿಯುವವರು 150. ದೊಡ್ಡವರು 80, ಹುಡುಗರು 70. ಇವರು ಸಾಯುತ್ತಿದ್ದದ್ದು 28ರಿಂದ 32ರ ವಯಸ್ಸಿನಲ್ಲಿ. ಕ್ಷೌರದ ಕತ್ತಿಯವರು 40–45ರಲ್ಲಿ. ನೀರು ಹಾಕಿ ಮಸೆಯುವ ಚಾಕುವಿನವರು 40–50ರಲ್ಲಿ. ಇನ್ನೊಂದು ಮಾತನ್ನೂ ಡಾಕ್ಟರು ಬರೆದಿಟ್ಟಿದ್ದಾನೆ: ಇವರಲ್ಲಿ ಹೆಚ್ಚು ಕಾಲ ಬದುಕುತ್ತಿದ್ದವರು ಕುಡುಕರೇ. ಕುಡಿದು ಕೆಲಸಕ್ಕೆ ಚಕ್ಕರ್ ಹೊಡೆದ ದಿನ ಧೂಳು ಕುಡಿಯುವುದು ತಪ್ಪುತ್ತಿತ್ತಲ್ಲ!

ಧೂಳು ತಡೆಯಲು ಆಗಲೇ ಸಲಕರಣೆಗಳಿದ್ದವು. ಅವನ್ನು ಬೇಡವೆಂದವರು ಸಾಣೆಯವರೇ, ಕೆಲವು ಕಡೆ ಒಡೆದೂ ಹಾಕಿದರು. ಕೆಲಸ ಸುರಕ್ಷಿತವಾದರೆ ಜನ ನುಗ್ಗುತ್ತಾರೆ, ಕೂಲಿ ಬೀಳುತ್ತೆ ಅನ್ನೋ ಭಯ. ಬೇಗ ಸತ್ತರೂ ಚಿಂತೆಯಿಲ್ಲ, ಇರೋ ನಾಲ್ಕು ದಿನ ಹೊಟ್ಟೆ ತುಂಬಲಿ ಎಂಬ ಲೆಕ್ಕ. ಇದನ್ನು ಕೂಲಿಗಳ ದಡ್ಡತನ ಅಂತ ಆಡಿಕೊಳ್ಳುವವರು ಅಂದೂ ಇದ್ದರು, ಇಂದೂ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ತನ್ನ ಸಾವನ್ನೇ ಕೂಲಿಯ ಬೇಲಿ ಮಾಡಿಕೊಳ್ಳಬೇಕಾದ ಸ್ಥಿತಿಗೆ ಒಬ್ಬನನ್ನು ತಂದವರು ಯಾರು ಅಂತ ಮೊದಲು ಕೇಳಬೇಕು. ಧೂಳು ಎಳೆಯುವ ಫ್ಯಾನು ಹಾಕಿಸಿ ಎಂದು ಧಣಿಗೆ ಹೇಳುವ ಅಧಿಕಾರ ಇನ್‌ಸ್ಪೆಕ್ಟರಿಗೆ 1878ರ ಕಾಯ್ದೆಯಲ್ಲಿತ್ತು. ಅಷ್ಟರಲ್ಲಿ ಎಷ್ಟು ತಲೆಮಾರು ಮಣ್ಣಾಗಿತ್ತೋ.

ನಮ್ಮ ಶೆಡ್ಡುಗಳಲ್ಲಿ ಕೇಳಿ ನೋಡಿ. 'ಗಾರ್ಡ್ ಇದ್ರೆ ಪೀಸ್ ಒಳಗೆ ಹೋಗಲ್ಲ ಅಣ್ಣಾ, ಲೆಕ್ಕ ಮುಗಿಯಲ್ಲ' ಅಂತಾರೆ ಹುಡುಗರು. ಪೀಸಿಗಿಷ್ಟು ಅಂತ ಕೂಲಿ ಇರುವಲ್ಲಿ ಗಾರ್ಡು ಬಿಚ್ಚುವ ಸ್ಪ್ಯಾನರು ಹುಡುಗನ ಕೈಯಲ್ಲಿರುತ್ತೆ, ಬಿಚ್ಚಿಸುವ ಕೈ ಲೆಕ್ಕದ ಪುಸ್ತಕ ಬರೆಯುತ್ತಿರುತ್ತೆ. 1942ರಿಂದ 46ರವರೆಗೆ ವೈಸ್‌ರಾಯ್ ಮಂಡಲಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಬಾಬಾಸಾಹೇಬರು ವಾರಕ್ಕೆ 48 ಗಂಟೆಯ ಮಿತಿಗೆ ಹಟ ಹಿಡಿದರು. 1946ರಲ್ಲಿ ಅದು ಕಾಯ್ದೆಯಾಯಿತು. 1948ರ ಕಾರ್ಖಾನೆ ಕಾಯ್ದೆ ಯಂತ್ರಕ್ಕೆ ಬೇಲಿ ಕಡ್ಡಾಯ ಮಾಡಿತು, ಆದರೆ ಕರೆಂಟು ಬಳಸುವ ಕಡೆ 10 ಮಂದಿ ಇದ್ದರೆ ಮಾತ್ರ ಅದು ಕಾರ್ಖಾನೆ. 2020ರ ಸಂಹಿತೆ ಆ 10ನ್ನು 20 ಮಾಡಿತು. ಮೂರು ಹುಡುಗರ ಶೆಡ್ಡು ಅಂದೂ ಹೊರಗೆ, ಇಂದೂ ಹೊರಗೆ. ಗುಜರಾತಿನ ಖಂಭಾತದಲ್ಲಿ ಅಕೀಕು ಕಲ್ಲನ್ನು ಮೋಟಾರಿನ ಸಾಣೆ ಚಕ್ರಕ್ಕೆ ಒತ್ತಿ ಮಣಿ ಮಾಡುವವರು ಮನೆಯಂಗಳದಲ್ಲೇ ದುಡಿಯುತ್ತಾರೆ. ಅಲ್ಲೂ ಅದೇ ಸಿಲಿಕೋಸಿಸ್. ಅಂಗಳ ಕಾರ್ಖಾನೆ ಹೇಗಾದೀತು?

ಒಂದು ಬದಲಾವಣೆ ನಿಜ. 1891ರಲ್ಲಿ ಅಮೆರಿಕದ ಅಚೆಸನ್ ವಿದ್ಯುತ್ ಕುಲುಮೆಯಲ್ಲಿ ಕಾರ್ಬೊರಂಡಮ್ ಮಾಡಿದ. ಆಮೇಲೆ ಕೃತಕ ಚಕ್ರಗಳು ಮರಳುಗಲ್ಲನ್ನು ಓಡಿಸಿದವು. ನಮ್ಮಲ್ಲಿ ಕಾರ್ಬೊರಂಡಮ್ ಯೂನಿವರ್ಸಲ್ ಕಂಪನಿ ಮದ್ರಾಸಿನಲ್ಲಿ ಶುರುವಾದದ್ದು 1954ರಲ್ಲಿ. ಈ ಚಕ್ರಗಳಿಂದ ಮರಳುಗಲ್ಲಿನ ಸಿಲಿಕಾ ಧೂಳು ಏಳುವುದಿಲ್ಲ. ಆದರೆ ಮರಳಿನ ಅಚ್ಚಿನಲ್ಲಿ ಹೊಯ್ದ ಎರಕ ಉಜ್ಜುವಾಗ ಅಂಟಿಕೊಂಡ ಮರಳು ಏಳುತ್ತೆ. ಕಬ್ಬಿಣದ ಪುಡಿ, ಸಿಡಿಯುವ ಚೂರು ಇದ್ದೇ ಇವೆ.

ಹಾಗಾಗಿ ಹಳೆ ಗ್ರೈಂಡರ್ ತಂದವರು ಬಣ್ಣದಿಂದ ಶುರುಮಾಡಬೇಡಿ. ಅದರ ಜೊತೆ ಬಂದ ಚಕ್ರವನ್ನು ಎಸೆಯಿರಿ. ನೆಂದಿದೆಯೋ ಬಿದ್ದಿದೆಯೋ ಯಾರು ಕಂಡರು. ಒಳಗಿನ ಹಳೆ ವೈರಿನ ರಬ್ಬರು ಮುಟ್ಟಿದರೆ ಉದುರುತ್ತೆ. ಅದನ್ನು ತೆಗೆದು ಹೊಸ ವೈರು ಹಾಕಿಸಿ, ಅರ್ತ್ ಕೊಡಿಸಿ. ಎಡಗಡೆ ನಟ್ಟು ಉಲ್ಟಾ ಥ್ರೆಡ್ಡಿನದು, ಬಲವಂತ ಮಾಡಿ ಶಾಫ್ಟು ಕೆಡಿಸಬೇಡಿ. ಹೊಸ ಚಕ್ರದ ಮೇಲೆ ಬರೆದ ಸುತ್ತಿನ ಮಿತಿ ಮೋಟಾರಿನದಕ್ಕಿಂತ ಹೆಚ್ಚಿರಬೇಕು. ಬೆರಳಿನಿಂದ ಎತ್ತಿಹಿಡಿದು ಮರದ ಹಿಡಿಯಲ್ಲಿ ಮೆಲ್ಲಗೆ ತಟ್ಟಿ. ಗಂಟೆಯ ಹಾಗೆ ಟಣ್ ಅಂದರೆ ಸರಿ, ಒಡೆದ ಮಡಕೆಯ ಹಾಗೆ ಅಂದರೆ ಬಿರುಕು. ಅದರ ಎರಡೂ ಮಗ್ಗುಲಿನ ಕಾಗದದ ಬಿಲ್ಲೆ ಕಿತ್ತು ಹಾಕಬೇಡಿ. ಒತ್ತಡ ಸಮ ಹಂಚುವುದು ಅದೇ.

ಗಾರ್ಡನ್ನು ದಪ್ಪ ಉಕ್ಕಿನ ತಗಡಿನಿಂದ ಹೊಸದಾಗಿ ಮಾಡಿಸಿ ಹಳೆ ತೂತುಗಳಿಗೇ ಕೂರಿಸಿ. ಬಾಯಿ 90 ಡಿಗ್ರಿಗಿಂತ ಹೆಚ್ಚು ತೆರೆದಿರಬಾರದು. ಟೂಲ್ ರೆಸ್ಟಿಗೂ ಚಕ್ರಕ್ಕೂ 3 ಮಿ.ಮೀ. ಸಂದು, ಅದಕ್ಕಿಂತ ಹೆಚ್ಚಾದರೆ ಪೀಸು ಒಳಗೆ ಸಿಕ್ಕಿ ಕೈಯನ್ನೂ ಎಳೆಯುತ್ತೆ. ಚಕ್ರ ಸವೆದ ಹಾಗೆಲ್ಲ ರೆಸ್ಟನ್ನು ಮುಂದೆ ತರಬೇಕು, ಚಕ್ರ ನಿಲ್ಲಿಸಿಯೇ. ಮೊದಲ ಸಲ ಸ್ವಿಚ್ ಹಾಕುವಾಗ ಮಗ್ಗುಲಿಗೆ ನಿಂತು, ಒಂದು ನಿಮಿಷ ಸುಮ್ಮನೆ ಓಡಲು ಬಿಡಿ. ನೋಡೋಕೆ ಬಂದ ಚಿಕ್ಕ ಮಕ್ಕಳನ್ನ ಬಾಗಿಲಿಂದಾಚೆ ಕಳಿಸಿ.