ಮಳೆಯಲ್ಲಿ ಬಲಿತ ತೆನೆ: ಶಿರೂರು ಸೀಮೆಯ ಮೇವು ಮತ್ತು ಬೂಷ್ಟಿನ ವಿಷ

ಬಾಗಲಕೋಟೆ ತಾಲ್ಲೂಕಿನ ಶಿರೂರಿನಿಂದ ಹುನಗುಂದ, ಇಳಕಲ್‌ವರೆಗಿನ ಎರೆಹೊಲಗಳಲ್ಲಿ ಹಿಂಗಾರಿ ಬಿಳಿಜೋಳವೇ ತಲೆಮಾರುಗಳಿಂದ ಮನೆಯ ರೊಟ್ಟಿಗೂ ದನದ ಗೋದಲಿಗೂ ಆಧಾರ. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬಿತ್ತಿ ಚಳಿ ಇಳಿಯುವ ಹೊತ್ತಿಗೆ ಕೊಯ್ಯುವುದರಿಂದ ಕಾಳು ಒಣಹವೆಯಲ್ಲೇ ಬಲಿಯುತ್ತದೆ, ಕಣಿಕೆ ಒಣಗಿಯೇ ಬಣವೆ ಸೇರುತ್ತದೆ. ಮೇವಿನೊಳಗಿನ ಶಿಲೀಂಧ್ರ ವಿಷದ, ಅಂದರೆ ಮೈಕೊಟಾಕ್ಸಿನ್‌ಗಳ, ಇತಿಹಾಸವನ್ನು ಈ ಸೀಮೆಯಲ್ಲಿ ಬರೆಯಹೊರಟರೆ ಬೆಳೆಯ ಈ ಕಾಲಗಣನೆಯಿಂದಲೇ ಆರಂಭಿಸಬೇಕು ಎಂಬುದು ನನ್ನ ನಿಲುವು.

ಬೂಷ್ಟು ಇಲ್ಲಿ ಹಿಂದೆಯೂ ಇತ್ತು. ನೆಲದಡಿಯ ಹಗೇವಿನಲ್ಲಿ ಗಾಳಿಯಾಡದ ಕಾರಣ ನುಸಿ ಬದುಕುತ್ತಿರಲಿಲ್ಲ, ನಿಜ. ಆದರೆ ತೇವ ಜಿನುಗಿದರೆ ಗೋಡೆಗೆ ತಾಗಿದ ಜೋಳ ಮುಗ್ಗುತ್ತಿತ್ತು. ಮನುಷ್ಯರಿಗೆ ಬೇಡವಾದ ಅಂಥ ಕಾಳು ದನಕ್ಕೋ ಕೋಳಿಗೋ ಹೋಗುತ್ತಿತ್ತು. ಇಂದಿಗೂ ಹಳ್ಳಿಗಳಲ್ಲಿ ಅದೇ ರೂಢಿ.

ಈ ವಿಷಕ್ಕೆ ಹೆಸರು ಸಿಕ್ಕಿದ್ದು ಬಹಳ ದೂರದಲ್ಲಿ. 1960ರಲ್ಲಿ ಇಂಗ್ಲೆಂಡಿನಲ್ಲಿ 1 ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಸತ್ತವು. ಬ್ರೆಜಿಲ್‌ನಿಂದ ತರಿಸಿದ್ದ ಶೇಂಗಾ ಹಿಂಡಿಯಲ್ಲಿ ಕಾರಣ ಪತ್ತೆಯಾಯಿತು: ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ ಸ್ರವಿಸುವ ಅಫ್ಲಾಟಾಕ್ಸಿನ್. ಆರೇ ವರ್ಷಕ್ಕೆ, 1966ರಲ್ಲಿ, ಆಗಿನ ಮೈಸೂರು ರಾಜ್ಯದಲ್ಲೂ ಶೇಂಗಾ ಹಿಂಡಿ ತಿಂದ 2,000ಕ್ಕೂ ಹೆಚ್ಚು ಕೋಳಿಮರಿಗಳು ಸತ್ತವು. ಮರುವರ್ಷ ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳಾದ ಶ್ರೀನಿವಾಸಮೂರ್ತಿ, ಪಾರ್ಪಿಯ ಮತ್ತು ಸಂಗಡಿಗರು ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಹಿಂಡಿಯ ವಿಷ ತೆಗೆಯುವ ವಿಧಾನವನ್ನು ಪ್ರಕಟಿಸಿದರು. ರೋಗಕ್ಕೆ ಮದ್ದು ಹುಡುಕುವ ಪ್ರಯತ್ನ ಕನ್ನಡ ನೆಲದಲ್ಲೇ ಅಷ್ಟು ಬೇಗ ನಡೆದದ್ದು ಹೆಮ್ಮೆಯ ಸಂಗತಿ. ಆದರೆ ಶೇಂಗಾದ ಮಟ್ಟಿಗೆ ತೊಂದರೆಯ ಬೇರು ಗಾಣಕ್ಕಿಂತ ಹಿಂದೆ, ಹೊಲದಲ್ಲೇ ಇದೆ. ಕಾಯಿ ತುಂಬುವ ಹೊತ್ತಿಗೆ ಮಳೆ ಕೈಕೊಟ್ಟು ನೆಲ ಕಾದರೆ, ಕೀಳುವ ಮೊದಲೇ ಬೀಜಕ್ಕೆ ಶಿಲೀಂಧ್ರ ಹತ್ತುತ್ತದೆ. ಬರದ ಸೀಮೆಯ ಶೇಂಗಾಕ್ಕೆ ಈ ಅಪಾಯ ಯಾವಾಗಲೂ ಇದ್ದೇ ಇದೆ.

ಜೋಳದ ಕಥೆ ಇದಕ್ಕೆ ತದ್ವಿರುದ್ಧ. ಅಲ್ಲಿ ಕೆಡಿಸುವುದು ಮಳೆಯೇ. 1964ರಲ್ಲಿ ದೇಶದ ಮೊದಲ ಸಂಕರಣ ಜೋಳ ಸಿಎಸ್‌ಎಚ್-1 ಬಿಡುಗಡೆಯಾಯಿತು. ಹಳೆಯ ಮುಂಗಾರಿ ತಳಿಗಳು ಹಗಲು ಕಿರಿದಾಗುವವರೆಗೆ ಕಾದು ತಡವಾಗಿ ಹೂಬಿಡುತ್ತಿದ್ದವು. ಹಾಗಾಗಿ ಕಾಳು ಗಟ್ಟಿಯಾಗುವಷ್ಟರಲ್ಲಿ ಮಳೆ ಹಿಂದೆ ಸರಿದಿರುತ್ತಿತ್ತು. ಹೊಸ ತಳಿ ಸುಮಾರು 100 ದಿನಕ್ಕೇ ಮಾಗಿತು. ಇಳುವರಿ ಹೆಚ್ಚಿತು, ಬಡವರ ಹೊಟ್ಟೆ ತುಂಬಿತು. ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ತೆನೆ ಸೆಪ್ಟೆಂಬರ್ ಮಳೆಗೆ ಸಿಕ್ಕಿತು, ಮತ್ತು ಈ ಭಾಗದಲ್ಲಿ ಹೆಚ್ಚು ಮಳೆ ಬೀಳುವುದೇ ಆ ತಿಂಗಳಲ್ಲಿ. ಕಪ್ಪಾದ, ಗುಲಾಬಿ ಬಣ್ಣಕ್ಕೆ ತಿರುಗಿದ ಕಾಳು ಸಾಮಾನ್ಯವಾಯಿತು. ನೀರಾವರಿಯ ಬೆನ್ನಿಗೆ ಹಬ್ಬಿದ ಗೋವಿನಜೋಳವೂ ಇದೇ ಇಕ್ಕಟ್ಟಿಗೆ ಬಿತ್ತು.

ಅದರ ಫಲ 1995ರಲ್ಲಿ ಕಣ್ಣಿಗೆ ಬಿತ್ತು. ಅಕಾಲದ ಮಳೆಗೆ ನೆಂದ ಜೋಳ, ಗೋವಿನಜೋಳಗಳ ರೊಟ್ಟಿ ತಿಂದ ಕರ್ನಾಟಕ–ಆಂಧ್ರದ ದಖ್ಖನ್ ಹಳ್ಳಿಗರಿಗೆ ಹೊಟ್ಟೆನೋವು, ಹೊಟ್ಟೆ ಗುಡುಗುಡು, ಭೇದಿ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ರಮೇಶ ವಿ. ಭಟ್ ಮತ್ತು ತಂಡ ಆ ಮನೆಗಳ ಕಾಳನ್ನು ಪರೀಕ್ಷಿಸಿದಾಗ ಫ್ಯುಸೇರಿಯಂ ಶಿಲೀಂಧ್ರದ ಫ್ಯುಮೊನಿಸಿನ್ ಬಿ1 ಸಿಕ್ಕಿತು: ಜೋಳದಲ್ಲಿ ಕಿಲೋಗೆ 7.8 ಮಿಲಿಗ್ರಾಂವರೆಗೆ, ಗೋವಿನಜೋಳದಲ್ಲಿ 64.7ರವರೆಗೆ. ಅದೇ ಕಾಳನ್ನು ಒಂದು ದಿನದ ಹುಂಜಮರಿಗಳಿಗೆ ತಿನ್ನಿಸಿದಾಗ ಅವಕ್ಕೂ ಭೇದಿಯಾಯಿತು. ನನಗೆ ಈ ಪ್ರಯೋಗ ಬಹಳ ಮುಖ್ಯವೆನಿಸುತ್ತದೆ. ಮನುಷ್ಯರು ತಿನ್ನಲೊಲ್ಲದ ಕಾಳನ್ನು ಕೋಳಿ ತಿಂದರೆ ಏನೂ ಆಗದು ಎಂಬ ನಂಬಿಕೆಯನ್ನು ಅದು ನೇರವಾಗಿ ಮುರಿಯಿತು. ನೆಂದ ಕಾಳನ್ನೂ ಬಿಸಾಡದೆ ತಿನ್ನಬೇಕಾದ ಮನೆಗಳು ನಮ್ಮಲ್ಲಿದ್ದವು ಎಂಬುದೂ ಆ ವರದಿಯಿಂದ ಕಾಣುತ್ತದೆ.

ದನಗಳಲ್ಲಿ ಹಾನಿ ಹೀಗೆ ಥಟ್ಟನೆ ಕಾಣುವುದಿಲ್ಲ. ಎಮ್ಮೆ ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ, ಗಬ್ಬ ನಿಲ್ಲುವುದಿಲ್ಲ; ಇವಕ್ಕೆ ಬೇರೆ ನೂರು ಕಾರಣಗಳೂ ಇರಬಹುದು. ಹಿಂಡಿಯ ಅಫ್ಲಾಟಾಕ್ಸಿನ್ ಬಿ1 ಯಕೃತ್ತಿನಲ್ಲಿ ಎಂ1 ಆಗಿ ಮಾರ್ಪಟ್ಟು ಒಂದು ದಿನದೊಳಗೇ ಹಾಲಿಗಿಳಿಯುತ್ತದೆ. ಕಾಯಿಸಿದರೂ ಅದು ಹೋಗದು. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿದಾಗ 368ರಲ್ಲಿ ಎಂ1 ಮಿತಿ ಮೀರಿತ್ತು.

ಭಾರತೀಯ ಮಾನಕ ಬ್ಯೂರೋದ ಮಾನದಂಡದಂತೆ ಕಾರ್ಖಾನೆಯ ಪಶು ಆಹಾರದಲ್ಲಿ ಬಿ1 ಕಿಲೋಗೆ 20 ಮೈಕ್ರೋಗ್ರಾಂ ಮೀರಬಾರದು. ಗಾಣದಿಂದ ಬಿಡಿಯಾಗಿ ತರುವ ಹಿಂಡಿ, ಮನೆಯಲ್ಲೇ ಉಳಿದ ಮುಗ್ಗಿದ ಕಾಳು, ಮಳೆ ನೀರು ಹೊಕ್ಕ ಬಣವೆ – ಶಿರೂರಿನಂಥ ಊರುಗಳಲ್ಲಿ ದನ ತಿನ್ನುವುದರಲ್ಲಿ ಬಹುಪಾಲು ಈ ಅಳತೆಗೆ ಸಿಕ್ಕುವುದೇ ಇಲ್ಲ. 2009ರ ಸೆಪ್ಟೆಂಬರ್ ಕೊನೆಯ ಮಹಾಮಳೆ ಬಾದಾಮಿ, ಹುನಗುಂದ ಕಡೆಯ ಹೊಲಗಳನ್ನು ಮುಳುಗಿಸಿದ್ದು ಮುಂಗಾರಿ ಬೆಳೆ ಕೊಯ್ಲಿನ ಹೊತ್ತಿಗೇ. ಆ ವರ್ಷದ ಮಳೆ ಲೆಕ್ಕವನ್ನೂ, ನಂತರದ ತಿಂಗಳುಗಳಲ್ಲಿ ಈ ತಾಲ್ಲೂಕುಗಳ ಪಶು ಆಸ್ಪತ್ರೆಗಳ ದಾಖಲೆ ಪುಸ್ತಕಗಳನ್ನೂ ಪಕ್ಕಪಕ್ಕ ಇಟ್ಟು ಓದುವ ಕೆಲಸ ಈ ಇತಿಹಾಸದ ಮುಂದಿನ ಅಧ್ಯಾಯವಾಗಬೇಕು.